ಪಿಎಸ್‌ಟಿ 40ಕ್ಕೆ ಯಾವ ಐಪೀಸ್ ತಗೊಳ್ಳಲಿ? ಎಚ್-ಆಲ್ಫಾದಲ್ಲಿ ಸೂರ್ಯನ ಮೈ ಬರೀ ಕೆಂಪು ತಟ್ಟೆ ಥರ ಕಾಣ್ತಿದೆ

ವಿಜಯನಗರ_ತಾರಸಿ:

ಎಲ್ರಿಗೂ ನಮಸ್ಕಾರ. ಒಬ್ಬರ ಹತ್ರ ಸೆಕೆಂಡ್ ಹ್ಯಾಂಡ್ ಕೊರೊನಾಡೊ ಪಿಎಸ್‌ಟಿ (ಎಚ್-ಆಲ್ಫಾ, ಅಂದ್ರೆ ಹೈಡ್ರೋಜನ್‌ನ ಕೆಂಪು ಗೆರೆಯ ಬೆಳಕಲ್ಲಿ ಸೂರ್ಯನನ್ನ ನೋಡೋ ಸಣ್ಣ ಟೆಲಿಸ್ಕೋಪ್) ತಗೊಂಡಿದೀನಿ, 40 ಎಂಎಂ ಅಪರ್ಚರ್, 400 ಎಂಎಂ ಫೋಕಲ್ ಲೆಂತ್, 400ನ್ನ 40ರಿಂದ ಭಾಗಿಸಿದ್ರೆ ಎಫ್10. ನಮ್ಮ ಏರಿಯಾದಲ್ಲಿ ರಾತ್ರಿ ಆಕಾಶ ನೋಡೋದು ಆಗದ ಮಾತು, ಎದುರು ಬಿಲ್ಡಿಂಗ್‌ನವರ ಫ್ಲಡ್‌ಲೈಟ್ ಬೆಳಗಿನ ತನಕ ಉರೀತಾ ಇರುತ್ತೆ, ಅದಕ್ಕೇ ಹಗಲಲ್ಲಿ ಸೂರ್ಯನನ್ನೇ ನೋಡೋಣ ಅಂತ ಈ ಕಡೆ ಬಂದೆ.

ಮೊದಲನೇ ಸಲ ನೋಡಿದ್ದು ರಥಸಪ್ತಮಿ ದಿನ. ಅಮ್ಮ ಎಕ್ಕದ ಎಲೆ ಇಟ್ಕೊಂಡು ಸ್ನಾನ ಮಾಡಿ ಅರ್ಘ್ಯ ಕೊಡೋಕೆ ತಾರಸಿಗೆ ಬಂದಿದ್ರು, ನಾನು ಆಗ್ತಾನೆ ಟ್ರೈಪಾಡ್ ಮೇಲೆ ಕೂರಿಸಿ ಅಂಚಲ್ಲಿ ಒಂದು ಪ್ರಾಮಿನೆನ್ಸ್ (ಸೂರ್ಯನಿಂದ ಹೊರಗೆ ಚಾಚಿರೋ ಅನಿಲ) ಹಿಡಿದಿದ್ದೆ, ಅವರಿಗೂ ತೋರಿಸಿದೆ. ಕನ್ನಡಕ ತೆಗೆದು, ಹಾಕಿ, ಮತ್ತೆ ತೆಗೆದು ಕೊನೆಗೆ 'ಕಾವಲಿ ಅಂಚಿಂದ ಬೆಂಕಿ ನಾಲಿಗೆ ಚಾಚಿದ ಹಾಗಿದೆ ಕಣೋ' ಅಂದ್ರು. ಅವತ್ತಿಂದ ಬೆಳಿಗ್ಗೆ ಕಾಫಿ ಆದ ಮೇಲೆ 'ಇವತ್ತು ನಾಲಿಗೆ ಇದ್ಯಾ ನೋಡು' ಅಂತ ಅವರೇ ಕೇಳ್ತಾರೆ.

ಸಮಸ್ಯೆ ಏನಂದ್ರೆ ಅಂಚು ಚೆನ್ನಾಗಿ ಕಾಣುತ್ತೆ, ಮೈ ಮೇಲೆ ಏನೂ ಇಲ್ಲ. ಎಲ್ಲರೂ ಫಿಲಮೆಂಟ್ (ಕಪ್ಪು ಗೆರೆ), ಪ್ಲಾಜ್ (ಬಿಳಚಿದ ತೇಪೆ), ಹುಲ್ಲುಗಾವಲಿನ ಥರ ಟೆಕ್ಸ್ಚರ್ ಅಂತಾರೆ, ನನಗೆ ಒಂದೇ ಸಮ ಕೆಂಪು ತಟ್ಟೆ, ಒಂದೆರಡು ಸನ್‌ಸ್ಪಾಟ್ ಬಿಟ್ರೆ ಖಾಲಿ. ಜೊತೆಗೆ ಬಂದಿದ್ದ 20 ಎಂಎಂ ಐಪೀಸ್ (ಕಣ್ಣಿಡೋ ಕಡೆಯ ಲೆನ್ಸ್) ಸಾಲ್ತಿಲ್ಲ ಅಂದ್ಕೊಂಡು ಒಂದು 6 ಎಂಎಂ ಪ್ಲಾಸಲ್ (ಒಂದು ಸರಳ ಬಗೆಯ ಐಪೀಸ್) ತರಿಸಿದೆ, ಅದ್ರಲ್ಲಿ ಇನ್ನೂ ಮಂಕು, ಮೇಲಿಂದ ಕಣ್ಣೊಳಗಿನ ಹುಳ ದಾರ ಎಲ್ಲ ಸೂರ್ಯನ ಮೇಲೆ ತೇಲ್ತಾ ಇರುತ್ತೆ. ಈಗ ಹತ್ತು ಸಾವಿರದ ಒಳಗೆ ಒಂದು ಒಳ್ಳೇ ಐಪೀಸ್ ತಗೋಬೇಕು ಅಂತಿದೀನಿ. 82 ಡಿಗ್ರಿ ವೈಡ್ ಆಂಗಲ್ ಒಂದು ಕಣ್ಣಿಗೆ ಬಿದ್ದಿದೆ, ತಗೋಬಹುದಾ? ಅಮ್ಮನಿಗೂ ಕನ್ನಡಕ ಹಾಕ್ಕೊಂಡೇ ನೋಡೋಕೆ ಆಗೋ ಥರದ್ದು ಇದ್ರೆ ಇನ್ನೂ ಒಳ್ಳೇದು. ತಿಳಿದವರು ದಯವಿಟ್ಟು ಹೇಳಿ.

ಕೆಂಪುಬಿಂಬ:

ಸರ್, ಆ ವೈಡ್ ಆಂಗಲ್ ಆರ್ಡರ್ ಮಾಡೋಕೆ ಮುಂಚೆ ಒಂದು ನಿಮಿಷ ನಿಂತು ಇದನ್ನ ಓದಿ.

ಪಿಎಸ್‌ಟಿ ಒಳಗೆ ಐಪೀಸ್‌ಗೆ ಮುಂಚೆ ಬ್ಲಾಕಿಂಗ್ ಫಿಲ್ಟರ್ ಅಂತ ಒಂದಿದೆ, ಅದರ ಕಿಂಡಿ ಬರೀ 5 ಎಂಎಂ. 400 ಫೋಕಲ್ ಲೆಂತ್‌ಗೆ ಸೂರ್ಯನ ಬಿಂಬ ಎಷ್ಟು ದೊಡ್ಡದಾಗಿ ಬೀಳುತ್ತೆ ಗೊತ್ತಾ, ಫೋಕಲ್ ಲೆಂತ್‌ನ ಸುಮಾರು 109ರಿಂದ ಭಾಗಿಸಿ, ಹತ್ರ ಹತ್ರ 3.7 ಎಂಎಂ. 5ರ ಕಿಂಡಿಯಲ್ಲಿ 3.7ರ ಸೂರ್ಯ, ಸುತ್ತ ಒಂಚೂರು ಜಾಗ, ಅಷ್ಟೇ. ಅದರಾಚೆಗೆ ನೀವು 82 ಅಲ್ಲ 100 ಡಿಗ್ರಿ ಐಪೀಸ್ ಹಾಕಿದ್ರೂ ಕತ್ತಲೆ ಗೋಡೆ ಬಿಟ್ರೆ ಇನ್ನೇನೂ ಕಾಣಲ್ಲ. ವೈಡ್ ಆಂಗಲ್‌ಗೆ ಕೊಡೋ ದುಡ್ಡಲ್ಲಿ ಹೆಚ್ಚಿನ ಭಾಗ ಹೋಗೋದು ಆ ಅಗಲಕ್ಕೆ, ಅಂಚಿನ ತನಕ ಶಾರ್ಪ್ ಇಡೋದಕ್ಕೆ, ಬಣ್ಣ ಸೋರದ ಹಾಗೆ ನೋಡ್ಕೊಳ್ಳೋದಕ್ಕೆ. ಅಗಲ ನಿಮಗೆ ಬೇಡ. ಬಣ್ಣದ ಸಮಸ್ಯೆ ಇಲ್ಲಿ ಹುಟ್ಟೋದೇ ಇಲ್ಲ, ಯಾಕಂದ್ರೆ ಬರ್ತಿರೋದು 656.28 ನ್ಯಾನೊಮೀಟರ್‌ನ ಒಂದೇ ಒಂದು ಗೆರೆಯ ಬೆಳಕು, ಆ ಕೆಂಪು ಬಿಟ್ಟು ಬೇರೆ ಬಣ್ಣನೇ ಇಲ್ದಿರೋವಾಗ ಬೇರೆ ಬೇರೆ ಬಣ್ಣ ಬೇರೆ ಬೇರೆ ಕಡೆ ಫೋಕಸ್ ಆಗೋ ಪ್ರಶ್ನೆ ಎಲ್ಲಿಂದ ಬರುತ್ತೆ.

ನಿಮಗೆ ಬೇಕಾಗಿರೋದು ನಡುಮಧ್ಯದಲ್ಲಿ ಶಾರ್ಪ್ ಇರ್ಬೇಕು, ಬೆಳಕು ಚೆದುರಬಾರದು. ಅದಕ್ಕೆ ಗಾಜು ಕಮ್ಮಿ ಇದ್ದಷ್ಟೂ ಒಳ್ಳೇದು. ಪ್ಲಾಸಲ್ ಮತ್ತೆ ಆರ್ಥೊಸ್ಕೋಪಿಕ್ ಎರಡ್ರಲ್ಲೂ ನಾಲ್ಕೇ ಗಾಜು, ಎರಡು ಗುಂಪು. ವೈಡ್ ಆಂಗಲ್‌ನಲ್ಲಿ ಏಳು ಎಂಟು ಇರುತ್ತೆ. ಪ್ರಾಮಿನೆನ್ಸ್ ಅಂದ್ರೆ ಉರಿಯೋ ಬಿಂಬದ ಪಕ್ಕದಲ್ಲೇ ಕಪ್ಪು ಆಕಾಶದ ಮೇಲಿರೋ ಮಂದ ಹೊಗೆ, ಬಿಂಬದ ಬೆಳಕು ಸ್ವಲ್ಪ ಚೆದುರಿ ಆ ಕಪ್ಪು ಬೂದು ಆದ್ರೂ ಸಾಕು, ತೆಳ್ಳಗಿನ ಕೊಂಡಿಗಳು ಅಲ್ಲೇ ಮುಳುಗಿ ಹೋಗ್ತವೆ. ಹಾಗಾಗಿ ಕಾಸು ಕಮ್ಮಿ ಅಂತ ಅಲ್ಲ, ಈ ಕೆಲಸಕ್ಕೆ ಪ್ಲಾಸಲ್ ನಿಜವಾಗ್ಲೂ ಒಳ್ಳೇ ಆಯ್ಕೆ.

ಇನ್ನು ಆ ಹುಳ ದಾರ. ಅದು ಐಪೀಸ್ ಕೆಟ್ಟಿದ್ದಕ್ಕಲ್ಲ. ಎಕ್ಸಿಟ್ ಪ್ಯೂಪಿಲ್, ಅಂದ್ರೆ ಐಪೀಸಿಂದ ಹೊರಬರೋ ಬೆಳಕಿನ ಕಂಬದ ಅಗಲ, ಲೆಕ್ಕ ಹಾಕಿ, ನಿಮ್ಮದು ಎಫ್10 ಆದ್ರಿಂದ ಸುಲಭ, ಐಪೀಸ್ ನಂಬರ್‌ನ 10ರಿಂದ ಭಾಗಿಸಿದ್ರೆ ಮುಗೀತು. 20ಕ್ಕೆ 2 ಎಂಎಂ, 12ಕ್ಕೆ 1.2, 6ಕ್ಕೆ 0.6. ಕಣ್ಣಿಗೆ ಹೋಗೋ ಬೆಳಕಿನ ಕಂಬ 1 ಎಂಎಂಗಿಂತ ಸಣ್ಣ ಆದ್ರೆ ಕಣ್ಣೊಳಗಿನ ಕಸದ ನೆರಳು ರೆಟಿನಾ ಮೇಲೆ ಗಟ್ಟಿಯಾಗಿ ಬೀಳುತ್ತೆ, ಕೆಂಪು ಬೆಳಕಲ್ಲಿ ಸೂರ್ಯನಂಥ ಸಪಾಟು ಹಿನ್ನೆಲೆ ಮೇಲೆ ಅದು ಎದ್ದು ಕಾಣುತ್ತೆ. 400ನ್ನ 6ರಿಂದ ಭಾಗಿಸಿದ್ರೆ 67 ಪಟ್ಟು, 40 ಎಂಎಂ ಟ್ಯೂಬಿಗೆ ಹಗಲಿನ ಗಾಳಿಯಲ್ಲಿ ಅದು ಜಾಸ್ತಿ ಆಯ್ತು. 10ರಿಂದ 15ರ ಮಧ್ಯ ಇರಿ. ಒಂದೇ ತಗೊಳ್ಳೋದಾದ್ರೆ 12 ಅಥವಾ 12.5, ಅಂದ್ರೆ 32-33 ಪಟ್ಟು. ನನ್ನ ಪಿಎಸ್‌ಟಿಯಲ್ಲಿ ನೂರಕ್ಕೆ ಎಂಬತ್ತು ಸಲ ಇರೋದು 12.5ರ ಆರ್ಥೊನೇ.

ಬೆಳಗಿನ_ಬಿಸಿಲು:

ಮೇಲಿನವರು ಹೇಳಿದ್ದು ಎಲ್ಲ ಸರಿ, ಆದ್ರೆ ನಾನು ಬೇರೆ ಮಾತು ಹೇಳ್ತೀನಿ. ಮೈ ಮೇಲೆ ಏನೂ ಕಾಣ್ತಿಲ್ಲ ಅನ್ನೋದು ಐಪೀಸ್ ಸಮಸ್ಯೆನೇ ಅಲ್ಲ. ನಿಮ್ಮ 20 ಎಂಎಂನಲ್ಲೇ ಫಿಲಮೆಂಟ್ ಕಾಣ್ಬೇಕು, ಕಾಣುತ್ತೆ. ದುಡ್ಡು ಬಿಚ್ಚೋಕೆ ಮುಂಚೆ ಮೂರು ಕೆಲಸ ಮಾಡಿ ಸರ್.

ಫಿಲ್ಟರ್‌ನ ಎಚ್-ಆಲ್ಫಾ ಗೆರೆಗೆ ಸರಿಯಾಗಿ ಹೊಂದಿಸೋಕೆ ಟ್ಯೂಬ್ ಮೇಲಿರೋ ಟ್ಯೂನಿಂಗ್ ರಿಂಗ್ ತಿರುಗಿಸ್ತಿದೀರಾ? ತುಂಬಾ ಜನ ಅದನ್ನ ಒಂದ್ಸಲ ಅಂಚು ಚೆನ್ನಾಗಿ ಕಾಣೋ ಕಡೆ ಇಟ್ಟು ಆಮೇಲೆ ಮುಟ್ಟೋದೇ ಇಲ್ಲ. ಅಂಚಿಗೆ ಚೆನ್ನಾಗಿರೋ ಜಾಗ ಬೇರೆ, ಮೈಗೆ ಚೆನ್ನಾಗಿರೋ ಜಾಗ ಬೇರೆ, ಎರಡರ ಮಧ್ಯ ಕೂದಲೆಳೆಯಷ್ಟೇ ವ್ಯತ್ಯಾಸ. ಗೆರೆಯಿಂದ ಚೂರು ಆಚೆ ಸರಿದ್ರೂ ಒಳಗಡೆ ಫೋಟೋಸ್ಫಿಯರ್ (ಸೂರ್ಯನ ಪ್ರಖರ ಮೇಲ್ಮೈ) ಬೆಳಕು ನುಗ್ಗಿ ಅದರ ಮೇಲಿನ ತೆಳು ಪದರ ಕ್ರೋಮೋಸ್ಫಿಯರ್‌ನ ತೊಳೆದು ಹಾಕಿಬಿಡುತ್ತೆ, ಆಗ ನೀವು ಹೇಳಿದ ಹಾಗೆ ಸನ್‌ಸ್ಪಾಟ್ ಮಾತ್ರ ಉಳಿಯುತ್ತೆ. ನೀವು ಬರೆದಿರೋದು ಓದಿದ್ರೆ ನನಗೆ ಅದೇ ಅನುಮಾನ. ಒಂದು ಸನ್‌ಸ್ಪಾಟ್ ನಡುವಿಗೆ ತಂದಿಟ್ಕೊಂಡು, ಫೋಕಸ್ ಅದರ ಮೇಲೇ ಮಾಡಿ, ಆಮೇಲೆ ರಿಂಗ್‌ನ ಒಂದು ತುದಿಯಿಂದ ಇನ್ನೊಂದು ತುದಿಗೆ ನಿಧಾನವಾಗಿ, ಅಂದ್ರೆ ಒಗ್ಗರಣೆ ಡಬ್ಬಿ ಮುಚ್ಚಳ ತಿರುಗಿಸಿದ ಹಾಗಲ್ಲ, ಹಳೇ ರೇಡಿಯೋದಲ್ಲಿ ಸ್ಟೇಷನ್ ಹುಡುಕಿದ ಹಾಗೆ ತಿರುಗಿಸಿ. ಒಂದು ಕಡೆ ಬಂದಾಗ ಸ್ಪಾಟ್ ಸುತ್ತ ಬಿಳಚಿಕೊಂಡಿರೋ ತೇಪೆ ಎದ್ದು ಬರುತ್ತೆ, ಅದೇ ಪ್ಲಾಜ್. ಅಲ್ಲೇ ನಿಲ್ಲಿಸಿ.

ಎರಡನೇದು ಬೆಳಕು. ಬಟ್ಟೆ ಹೊದ್ಕೊಳ್ತೀರಾ ಇಲ್ವಾ? ಹೊದ್ಕೊಳ್ದೆ ಇದ್ರೆ ಯಾವ ಐಪೀಸ್ ಹಾಕಿದ್ರೂ ಅಷ್ಟೇ. ನಮ್ಮ ಕಣ್ಣಿಗೆ 656ರಲ್ಲಿ ಇರೋ ಸೂಕ್ಷ್ಮತೆ ಹಸಿರಲ್ಲಿ ಇರೋದರ ಹತ್ತರಲ್ಲೊಂದು ಭಾಗಕ್ಕಿಂತ ಕಮ್ಮಿ, ಅಂಥದ್ರಲ್ಲಿ ತಾರಸಿ ಬಿಸಿಲಲ್ಲಿ ನಿಂತು ಪಾಪೆ ಚಿಕ್ಕದಾಗಿರುತ್ತೆ, ಪಕ್ಕದಿಂದ ಬಂದ ಬೆಳಕು ಐಪೀಸ್ ಗಾಜಿಗೆ ಹೊಡೆದು ನಿಮ್ಮ ರೆಪ್ಪೆನೇ ನಿಮಗೆ ಕಾಣ್ತಿರುತ್ತೆ. ನಾನು ಚಿಕ್ಕಪೇಟೆಯಿಂದ ತಂದ ದಪ್ಪ ಕಪ್ಪು ಬಟ್ಟೆ ಎರಡು ಮೀಟರ್, ಒಳಗಡೆ ಕಪ್ಪು, ಹೊರಗಡೆ ಬಿಳೀ ಹಳೇ ಪಂಚೆ ಸೇರಿಸಿ ಹೊಲಿಸಿದೀನಿ, ಬಿಳಿ ಇಲ್ದೇ ಇದ್ರೆ ಒಳಗೆ ಬೆಂದು ಹೋಗ್ತೀರ. ತಲೆ ಮತ್ತೆ ಐಪೀಸ್ ಎರಡೂ ಒಳಗೆ ಬರೋ ಹಾಗೆ ಹೊದ್ದು ಎರಡು ಮೂರು ನಿಮಿಷ ಸುಮ್ಮನೆ ನೋಡ್ತಾ ಇರಿ. ಮೊದಲ ಅರ್ಧ ನಿಮಿಷದಲ್ಲಿ ಏನೂ ಇಲ್ಲ ಅನ್ಸುತ್ತೆ, ಆಮೇಲೆ ಒಂದೊಂದೇ ಗೀಚು ಎದ್ದು ಬರುತ್ತೆ.

ಮೂರನೇದು ಹೊತ್ತು. ಬೆಂಗಳೂರಲ್ಲಿ ಎಂಟರಿಂದ ಒಂಬತ್ತೂವರೆ. ಅಷ್ಟೊತ್ತಿಗೆ ಸೂರ್ಯ ಸಾಕಷ್ಟು ಮೇಲೆ ಬಂದಿರ್ತಾನೆ, ಕಾಂಕ್ರೀಟು ಇನ್ನೂ ಕಾದಿರಲ್ಲ. ಹತ್ತರ ಮೇಲೆ ಸೂರ್ಯನ ಅಂಚು ಕುದಿಯೋ ಎಸರಿನ ಥರ ಕುಣಿಯುತ್ತೆ. ನಮ್ಮ ಮನೆ ಪೂರ್ವಕ್ಕೆ ಶೀಟಿನ ಶೆಡ್ ಇದೆ, ಅದರ ಮೇಲೆ ಹಾದು ಬರೋವಾಗ ಯಾವ ದಿನವೂ ಶಾರ್ಪ್ ಇಲ್ಲ, ಟ್ರೈಪಾಡ್‌ನ ಹತ್ತು ಹೆಜ್ಜೆ ಸರಿಸಿ ಪಕ್ಕದ ಹೊಂಗೆ ಮರದ ಮೇಲಿಂದ ನೋಡೋಕೆ ಶುರು ಮಾಡಿದ ಮೇಲೆ ಬೇರೆ ಟೆಲಿಸ್ಕೋಪೇ ತಂದ ಹಾಗಾಯ್ತು. ನೋಡೋಕೆ ಮುಂಚೆ ಸುತ್ತ ನೆಲಕ್ಕೆ ಎರಡು ಬಕೆಟ್ ನೀರು ಹಾಕ್ತೀನಿ.

ಇನ್ನೊಂದು, ಅವತ್ತು ಏನಿದೆ ಅಂತ ಮುಂಚೆನೇ ತಿಳ್ಕೊಂಡು ಹೋಗಿ. ಗಾಂಗ್ ಅಂತ ಪ್ರಪಂಚದ ಬೇರೆ ಬೇರೆ ಕಡೆ ಇರೋ ಸೌರ ದೂರದರ್ಶಕಗಳ ಜಾಲ ಇದೆ, ನಮ್ಮ ಉದಯಪುರದ್ದೂ ಅದರಲ್ಲಿ ಒಂದು, ಎಚ್-ಆಲ್ಫಾ ಚಿತ್ರ ನಿಮಿಷ ನಿಮಿಷಕ್ಕೂ ನೆಟ್‌ನಲ್ಲಿ ಹಾಕ್ತಾರೆ. ಅದರಲ್ಲಿ ದೊಡ್ಡ ಫಿಲಮೆಂಟ್ ಇದ್ದು ನಿಮಗೆ ಕಾಣ್ಲಿಲ್ಲ ಅಂದ್ರೆ ತಪ್ಪು ಟ್ಯೂನಿಂಗ್‌ನಲ್ಲೋ ಬೆಳಕಲ್ಲೋ ಇದೆ ಅಂತ ಖಾತ್ರಿ ಆಯ್ತು. ಕೊಡೈಕೆನಾಲ್ ಸೌರ ವೀಕ್ಷಣಾಲಯದಲ್ಲಿ 1912ರಿಂದ ಎಚ್-ಆಲ್ಫಾದಲ್ಲಿ ಸೂರ್ಯನ ಚಿತ್ರ ತೆಗೆದಿಟ್ಟಿದಾರೆ, ಬೆಳಿಗ್ಗೆ ಪಂಚೆ ಹೊದ್ಕೊಂಡು ನಿಂತಾಗ ನನಗೆ ಅದು ನೆನಪಾಗ್ತಾ ಇರುತ್ತೆ, ಅದೇ ಗೆರೆ, ಅದೇ ಸೂರ್ಯ.

ಜೂಮ್_ಸಾಕು:

ಪ್ಲಾಸಲ್ ಆರ್ಥೊ ಪರವಾಗಿ ಹೇಳಿದ್ದಕ್ಕೆ ನಂದು ಸ್ವಲ್ಪ ತಕರಾರಿದೆ. ನಾನು ಸೋಲಾರ್‌ಗೆ 8-24 ಜೂಮ್ ಒಂದೇ ಇಟ್ಕೊಂಡಿರೋದು. ಜೂಮ್‌ನಲ್ಲಿ ಗಾಜು ಜಾಸ್ತಿ, 24ರ ಕಡೆ ಫೀಲ್ಡ್ ಕಿರಿದು, ಒಪ್ಕೊಳ್ತೀನಿ. ಆದ್ರೆ ಕೆಂಪುಬಿಂಬ ಅವರೇ ಹೇಳಿದ ಹಾಗೆ ಪಿಎಸ್‌ಟಿಯಲ್ಲಿ ಅಗಲದ ಕೆಲಸ ಇಲ್ವಲ್ಲ, ಅರ್ಧ ಡಿಗ್ರಿ ಸೂರ್ಯ ಕಿರಿದಾದ ಫೀಲ್ಡಲ್ಲೂ ಆರಾಮಾಗಿ ಕೂತ್ಕೊಳ್ತಾನೆ. ಹಗಲಿನ ಗಾಳಿ ಒಂದು ನಿಮಿಷ ಇದ್ದ ಹಾಗೆ ಇನ್ನೊಂದು ನಿಮಿಷ ಇರಲ್ಲ, 18ರಲ್ಲಿ ನೋಡ್ತಿರ್ತೀನಿ, ಗಾಳಿ ಒಂದು ಕ್ಷಣ ನಿಂತಿತು ಅಂದ್ರೆ ತಕ್ಷಣ 10ಕ್ಕೆ ತಿರುಗಿಸ್ತೀನಿ, ಬಟ್ಟೆ ಎತ್ತೋ ಹಾಗೇ ಇಲ್ಲ. ಅದೇ ಫಿಕ್ಸೆಡ್ ಐಪೀಸ್ ಆಗಿದ್ರೆ ಬಟ್ಟೆ ಸರಿಸಿ, ಬಿಸಿಲಿಗೆ ಕಣ್ಣು ಬಿಟ್ಟು, ಸ್ಕ್ರೂ ಸಡಿಲಿಸಿ, ಬದಲಾಯಿಸಿ, ಮತ್ತೆ ಒಳಗೆ ಹೋಗಿ ಕಣ್ಣು ಕತ್ತಲೆಗೆ ಒಗ್ಗೋ ಹೊತ್ತಿಗೆ ಆ ಒಳ್ಳೇ ಕ್ಷಣ ಹೋಗಿರುತ್ತೆ. ಟ್ರ್ಯಾಕಿಂಗ್ ಬೇರೆ ಇಲ್ಲ ನಿಮಗೆ, ಸೂರ್ಯ ಎರಡು ನಿಮಿಷಕ್ಕೆ ತನ್ನ ಅಗಲದಷ್ಟು ಸರಿದು ಹೋಗಿರ್ತಾನೆ.

ಅಮ್ಮನ ಕನ್ನಡಕದ ವಿಷಯ: ಬರೀ ದೂರದ್ದೋ ಹತ್ತಿರದ್ದೋ ಪವರ್ ಆದ್ರೆ ಕನ್ನಡಕ ತೆಗೆದು ನೋಡ್ಲಿ, ಫೋಕಸ್ ನಾಬ್ ಅವರ ಕಣ್ಣಿಗೆ ತಿರುಗಿಸಿದ್ರೆ ಆಯ್ತು. ಸಿಲಿಂಡರ್ ಪವರ್ ಇದ್ರೂ ಎಕ್ಸಿಟ್ ಪ್ಯೂಪಿಲ್ ಒಂದು ಎಂಎಂ ಆಸುಪಾಸು ಇರೋವಾಗ ಅದು ಅಷ್ಟು ಕಾಡಲ್ಲ. ಕನ್ನಡಕ ಹಾಕ್ಕೊಂಡೇ ನೋಡ್ಬೇಕು ಅಂದ್ರೆ 10ರ ಪ್ಲಾಸಲ್ ಆಗಲ್ಲ, ಪ್ಲಾಸಲ್‌ನಲ್ಲಿ ಕಣ್ಣು ಇಡೋ ದೂರ ಅದರ ಫೋಕಲ್ ಲೆಂತ್‌ನ ಮುಕ್ಕಾಲು ಭಾಗದ ಹತ್ರ, 10ಕ್ಕೆ ಏಳೆಂಟು ಎಂಎಂ ಸಿಗುತ್ತೆ ಅಷ್ಟೇ, ಗಾಜಿಗೆ ಗಾಜು ತಾಗುತ್ತೆ.

ಕ್ವಾರ್ಕ್_ಕಡೆಯಿಂದ:

ಒಂದೇ ಒಂದು ವಿಷಯ ಸೇರಿಸ್ತೀನಿ. ಮುಂದೆ ಯಾವತ್ತಾದ್ರೂ ಡೇಸ್ಟಾರ್ ಕ್ವಾರ್ಕ್ (ಮಾಮೂಲಿ ಟೆಲಿಸ್ಕೋಪಿಗೆ ಹಾಕೋ ಎಚ್-ಆಲ್ಫಾ ಫಿಲ್ಟರ್) ಕಡೆ ಹೋಗೋ ಯೋಚನೆ ಇದ್ರೆ ಈಗ ಸಣ್ಣ ಸಣ್ಣ ಐಪೀಸ್ ಸೆಟ್ ಕಟ್ಟಬೇಡಿ. ಕ್ವಾರ್ಕ್ ಒಳಗೇ 4.3 ಪಟ್ಟಿನ ಟೆಲಿಸೆಂಟ್ರಿಕ್ ಬಾರ್ಲೋ (ಫೋಕಲ್ ಲೆಂತ್ ಹೆಚ್ಚಿಸೋ ಲೆನ್ಸ್) ಇದೆ, ನನ್ನ 80 ಎಂಎಂ ಎಫ್6 ರಿಫ್ರಾಕ್ಟರ್‌ಗೆ ಹಾಕಿದ್ರೆ 480 ಇದ್ದದ್ದು 2,064 ಆಗುತ್ತೆ, ಅಲ್ಲಿ 12 ಹಾಕಿದ್ರೆ 172 ಪಟ್ಟು, ಹಗಲು ಆಕಾಶದಲ್ಲಿ ಅದು ಬರೀ ಗಂಜಿ. ನಾನು ಬಳಸೋದು 32 ಮತ್ತೆ 25ರ ಪ್ಲಾಸಲ್, 64 ಮತ್ತೆ 82 ಪಟ್ಟು. ಅದೇ ಲೆಕ್ಕ, ಎಕ್ಸಿಟ್ ಪ್ಯೂಪಿಲ್ ಒಂದರ ಸುತ್ತ ಬರುತ್ತೆ. ಟೆಲಿಸ್ಕೋಪ್ ಯಾವುದೇ ಇರ್ಲಿ, ಬಾರ್ಲೋ ಇದ್ರೆ ಅದನ್ನೂ ಸೇರಿಸಿ ಎಫ್ ನಂಬರ್ ಎಷ್ಟೋ ಐಪೀಸ್ ಹತ್ರ ಹತ್ರ ಅಷ್ಟೇ ಎಂಎಂ ಅಥವಾ ಸ್ವಲ್ಪ ಜಾಸ್ತಿ ಅಂತ ನೆನಪಿಟ್ಕೊಳ್ಳಿ.

ಮತ್ತೆ ಸೆಕೆಂಡ್ ಹ್ಯಾಂಡ್ ಅಂದ್ರಲ್ಲ, ಹಳೇ ಪಿಎಸ್‌ಟಿಗಳಲ್ಲಿ ಒಳಗಿನ ಒಂದು ಫಿಲ್ಟರ್ ವರ್ಷ ಕಳೆದ ಹಾಗೆ ಮಬ್ಬು ಹಿಡಿಯೋದು ಉಂಟು. ಆಗ ಚಿತ್ರ ಒಟ್ಟಾರೆ ಮಂಕಾಗುತ್ತೆ. ನೀವೇ ಬಿಚ್ಚೋಕೆ ಹೋಗಬೇಡಿ, ಒಳಗಿರೋ ಒಂದೊಂದು ಫಿಲ್ಟರ್‌ಗೂ ಕಣ್ಣು ಕಾಯೋ ಕೆಲಸ ಇದೆ, ಒಂದು ತಪ್ಪು ಜೋಡಣೆ ಆದ್ರೂ ಕಣ್ಣು ಹೋಗುತ್ತೆ. ಇನ್ನೊಬ್ಬರ ಪಿಎಸ್‌ಟಿ ಪಕ್ಕ ಇಟ್ಟು ಹೋಲಿಸಿ ನೋಡೋದು ಸುರಕ್ಷಿತ. ಐಪೀಸ್‌ಗೆ ತಿರುಪೋ ಸಣ್ಣ ಕಪ್ಪು 'ಸನ್ ಫಿಲ್ಟರ್' ಎಲ್ಲಾದ್ರೂ ಸಿಕ್ಕಿದ್ರೆ ದಯವಿಟ್ಟು ಎಸೆದುಬಿಡಿ, ಬೇರೆ ಟೆಲಿಸ್ಕೋಪಲ್ಲಿ ಹಾಕ್ಕೊಂಡ್ರೆ ಬಿಸಿಗೆ ಬಿರುಕು ಬಿಡುತ್ತೆ, ಕಣ್ಣು ಅದರ ಹಿಂದೇನೇ ಇರುತ್ತೆ.

ವಿಜಯನಗರ_ತಾರಸಿ:

ಎಲ್ರಿಗೂ ತುಂಬಾ ಥ್ಯಾಂಕ್ಸ್, ಇಷ್ಟು ಉದ್ದ ಬರೆದಿದ್ದಕ್ಕೆ ಏನು ಹೇಳ್ಲಿ. ವೈಡ್ ಆಂಗಲ್ ಕೈಬಿಟ್ಟೆ. 5 ಎಂಎಂ ಕಿಂಡಿ ಲೆಕ್ಕ ನನಗೆ ಯಾರೂ ಹೇಳಿರ್ಲಿಲ್ಲ. ಟ್ಯೂನಿಂಗ್ ರಿಂಗ್ ವಿಷಯದಲ್ಲಿ ಬೆಳಗಿನ_ಬಿಸಿಲು ಅವರು ಹೇಳಿದ್ದೇ ನಿಜ, ಅದನ್ನ ನಾನು ರಥಸಪ್ತಮಿ ದಿನ ಇಟ್ಟಿದ್ದೇ ಕೊನೆ, ಮುಟ್ಟಿಲ್ಲ. ಭಾನುವಾರ ನೋಡಿ ಹೇಳ್ತೀನಿ.

ಒಂದು ಪ್ರಶ್ನೆ ಉಳೀತು, ಬೈನೋವ್ಯೂವರ್ (ಎರಡೂ ಕಣ್ಣಲ್ಲಿ ನೋಡೋಕೆ ಹಾಕೋ ಜೋಡಿ) ಹಾಕಿದ್ರೆ ಹುಳ ದಾರ ಕಮ್ಮಿ ಆಗುತ್ತೆ ಅಂತ ಓದಿದೆ, ಪಿಎಸ್‌ಟಿಗೆ ಆಗುತ್ತಾ?

ಕೆಂಪುಬಿಂಬ:

ಹುಳ ದಾರ ಕಮ್ಮಿ ಅನ್ಸೋದು ನಿಜ, ಎರಡು ಕಣ್ಣಿನ ಚಿತ್ರ ಸೇರಿಸಿದಾಗ ಒಂದು ಕಣ್ಣಿನ ಕಸವನ್ನ ಮಿದುಳು ಬಿಟ್ಟುಬಿಡುತ್ತೆ. ಆದ್ರೆ ಪಿಎಸ್‌ಟಿ ಫೋಕಸ್ ಒಳಗೆ ಅಷ್ಟು ದೂರ ಹೋಗಲ್ಲ, ಬಾರ್ಲೋ ಇಲ್ದೆ ಬೈನೋವ್ಯೂವರ್ ಫೋಕಸ್‌ಗೆ ಬರಲ್ಲ. ಬಾರ್ಲೋ ಹಾಕಿದ ಮೇಲೆ ಪವರ್ ಏರುತ್ತೆ, ಬೆಳಕು ಎರಡು ಪಾಲಾಗುತ್ತೆ, 40 ಎಂಎಂನಲ್ಲಿ ಹಂಚ್ಕೊಳ್ಳೋ ಅಷ್ಟು ಬೆಳಕು ಎಲ್ಲಿದೆ. 60 ಎಂಎಂ ಬಂದಾಗ ಯೋಚನೆ ಮಾಡಿ.

ವಿಜಯನಗರ_ತಾರಸಿ:

ಭಾನುವಾರದ ವರದಿ. ಬಟ್ಟೆ ಸಿಗ್ಲಿಲ್ಲ, ಅಪ್ಪನ ಹಳೇ ಕರೀ ಕೋಟು ತಲೆ ಮೇಲೆ ಹಾಕ್ಕೊಂಡೆ, ಮೇಲೆ ಒಂದು ಬಿಳೀ ಟವೆಲ್. ಎಂಟೂಕಾಲು. ಹೊಸದೇನೂ ತಗೊಂಡಿಲ್ಲ, ಅದೇ 20 ಎಂಎಂ. ಉದಯಪುರದ ಚಿತ್ರದಲ್ಲಿ ಮಧ್ಯದಿಂದ ಸ್ವಲ್ಪ ಪಕ್ಕಕ್ಕೆ ಉದ್ದ ಫಿಲಮೆಂಟ್ ಇತ್ತು, ಅದನ್ನ ನೋಡ್ಕೊಂಡೇ ಮೇಲೆ ಹೋಗಿದ್ದೆ. ಸನ್‌ಸ್ಪಾಟ್ ಮೇಲೆ ಫೋಕಸ್ ಮಾಡಿ ರಿಂಗ್ ತಿರುಗಿಸ್ತಾ ಹೋದೆ, ಮೊದಲು ಏನಿಲ್ಲ, ಇನ್ನೊಂಚೂರು, ಏನಿಲ್ಲ, ಆಮೇಲೆ ಸ್ಪಾಟ್ ಪಕ್ಕ ಸುಣ್ಣ ಚೆಲ್ಲಿದ ಹಾಗೆ ಬಿಳಿಚು ಬಂತು. ಅಲ್ಲಿಗೆ ನಿಲ್ಲಿಸಿ ಕಣ್ಣು ಪಕ್ಕಕ್ಕೆ ತಂದ್ರೆ ಫಿಲಮೆಂಟ್! ಕೆಂಪು ರೇಷ್ಮೆ ಮೇಲೆ ಉದುರಿದ ಒಂದು ಕೂದಲಿನ ಥರ, ಒಂದು ತುದಿ ಸ್ವಲ್ಪ ಬಾಗಿ ಎರಡಾಗಿ ಸೀಳಿದೆ. ಎರಡು ತಿಂಗಳಿಂದ ಅದೇ ಟ್ಯೂಬು, ಅದೇ ಐಪೀಸು. ಕೈ ನಡುಗ್ತಿತ್ತು ನಿಜ ಹೇಳ್ಬೇಕಂದ್ರೆ.

ಅಮ್ಮನ್ನ ಕರೆದೆ. ಕನ್ನಡಕ ತೆಗೆಸಿ ಫೋಕಸ್ ನಾಬ್ ಅವರ ಕೈಗೇ ಕೊಟ್ಟೆ, ಕೋಟಿನ ಒಳಗೆ ಎರಡು ನಿಮಿಷ ಮಾತೇ ಇಲ್ಲ. ಆಮೇಲೆ ಒಳಗಿಂದಲೇ 'ಇದು ನಾಲಿಗೆನಾ ಬೇರೇನಾ' ಅಂತ ಕೇಳಿದ್ರು. ಅಂಚಲ್ಲಿ ಇದ್ರೆ ನಾಲಿಗೆ ಅಂತ ಕಾಣುತ್ತೆ, ಮೈ ಮೇಲೆ ಬಂದ್ರೆ ಕಪ್ಪು ಗೆರೆ ಅಂತ ಕಾಣುತ್ತೆ, ಎರಡೂ ಒಂದೇ ಅಂತ ಹೇಳಿದೆ. ಅವರು ಇನ್ನೂ ಹೊತ್ತು ನೋಡ್ತಾನೇ ಇದ್ರು, ಸೂರ್ಯ ಫೀಲ್ಡಿಂದ ಜಾರಿ ಹೋದಾಗ್ಲೆಲ್ಲ ಕೂಗಿ ಕರೀತಿದ್ರು.

ಒಂದು 12.5 ಹೇಳಿದೀನಿ, ಮುಂದಿನ ವಾರ ಬರುತ್ತೆ. 6 ಎಂಎಂ ಯಾರಿಗಾದ್ರೂ ಬೇಕಿದ್ರೆ ಸುಮ್ನೆ ತಗೊಂಡು ಹೋಗಿ, ರಾತ್ರಿ ಚಂದ್ರನಿಗೆ ಚೆನ್ನಾಗಿದೆ.

ಬೆಳಗಿನ_ಬಿಸಿಲು:

ಓದಿ ತುಂಬಾ ಖುಷಿ ಆಯ್ತು ಸರ್. ಆ ಫಿಲಮೆಂಟ್ ಇನ್ನು ನಾಲ್ಕೈದು ದಿನದಲ್ಲಿ ಪಶ್ಚಿಮದ ಅಂಚಿಗೆ ಬರುತ್ತೆ, ಅಷ್ಟರ ತನಕ ಉಳಿದಿದ್ರೆ ಅದೇ ಗೆರೆ ಪ್ರಾಮಿನೆನ್ಸ್ ಆಗಿ ಎದ್ದು ನಿಂತಿರೋದನ್ನ ಅಮ್ಮನಿಗೆ ತೋರಿಸಬಹುದು. ದಿನಾ ಬೆಳಿಗ್ಗೆ ಒಂದ್ಸಲ ನೋಡಿ, ಒಂದು ಪುಸ್ತಕದಲ್ಲಿ ವೃತ್ತ ಬರೆದು ಎಲ್ಲಿದೆ ಅಂತ ಗುರುತು ಹಾಕ್ತಾ ಹೋಗಿ.